ಮೂರೂವರೆ ಮಿಲಿ

ಸ್ವೈಹಾನ್ ದಾರಿಯಲ್ಲಿ, ಒಂಟೆಗಳ ತಂತಿಬೇಲಿ ದಾಟಿದ ಮೇಲೆ
ಬಿಳಿ ತಗಡಿನ ಶೆಡ್ಡು. ಹೊರಗೆ ಏಪ್ರಿಲ್ಲಿನ ನಲವತ್ತೊಂದು ಡಿಗ್ರಿ,
ಒಳಗೆ ನೀರಿಗೆ ಇಪ್ಪತ್ತೈದು.
ಚಿಲ್ಲರ್ ನಿಂತರೆ ನನ್ನ ಅನ್ನವೂ ನಿಂತಂತೆ.

ಮೀನಿಗೆ ಈಜು ಕಲಿಸಬೇಕೇ ಎಂದು ಕೇಳುತ್ತದೆ ಗಾದೆ.
ಹಡೆಯಲು ಕಲಿಸಬೇಕಾದೀತು ಅಂತ
ಗಾದೆ ಕಟ್ಟಿದವನಿಗೆ ಹೊಳೆದಿರಲಿಲ್ಲ.

ಹುಲ್ಲುಗೆಂಡೆಗಳು ಇವು. ಬುಟ್ಟಿಗಟ್ಟಲೆ ಜತ್ ಸೊಪ್ಪು ಮೇಯುತ್ತವೆ
ಆಡಿನ ಹಾಗೆ, ನಾಚಿಕೆಯಿಲ್ಲದೆ.
ಹೊಟ್ಟೆ ತುಂಬ ಮೊಟ್ಟೆ ಕಟ್ಟುತ್ತವೆ, ಅಲ್ಲಿಗೇ ನಿಲ್ಲುತ್ತವೆ.
ಹೊಳೆ ಏರಬೇಕು, ಸೆಳವು ಹೊಡೆಯಬೇಕು.
ಸಿಮೆಂಟು ತೊಟ್ಟಿಗೆ ಯಾವ ಹೊಳೆ ಏರೀತು?

ಅದಕ್ಕೇ ಸೂಜಿ.
ಎಲ್ಲಿಯದೋ ತಣ್ಣನೆ ಕಡಲ ಸಾಲ್ಮನ್ನಿನ ಗುಟ್ಟನ್ನು
ಕಾರ್ಖಾನೆಯಲ್ಲಿ ನಕಲು ಮಾಡಿ ಸೀಸೆಗೆ ತುಂಬಿದ್ದಾರೆ.
ಕೆಜಿಗೆ ಅರ್ಧ ಮಿಲಿ; ಏಳು ಕೆಜಿ ತಾಯಿಗೆ ಮೂರೂವರೆ.
ಒದ್ದೆ ಟವೆಲಿನಿಂದ ಕಣ್ಣು ಮುಚ್ಚಿ, ಬೆನ್ನ ರೆಕ್ಕೆಯ ಕೆಳಗೆ
ಒಂದು ಹುರುಪೆ ಎತ್ತಿ, ಓರೆಯಾಗಿ.
ಮಿದುಳ ಕೆಳಗಿನ ಎಳ್ಳುಗಾತ್ರದ ಗ್ರಂಥಿಗೆ ಸುದ್ದಿ ಮುಟ್ಟುತ್ತದೆ:
ಮಳೆ ಬಂತು, ಏಳು.

ಮಳೆ ಬಂದಿಲ್ಲ. ಹೋದ ವರ್ಷವೂ ಬಂದಿರಲಿಲ್ಲ.

ಕೃಷ್ಣೆಯ ದಂಡೆಯಲ್ಲಿ ನಮ್ಮಜ್ಜ ಅಂಗೈಯಲ್ಲಿ ನೀರು ಎತ್ತಿ ಮೂಸುತ್ತಿದ್ದ.
'ಕೆನ್ನೀರು ಬಂತಂದ್ರ ಮೂರು ದಿನ ಬಲೀ ಬೀಸಬಾರದಪಾ ಯಂಕೋಬ,
ಬಸುರೇರು ಏರಿ ಬರ್ತಾರ, ಹಾದಿ ಬಿಡು.'
ಇಲ್ಲಿ ನಾನು ಯಾಕೂಬ್. ಯಂಕೋಬ ಯಾರ ನಾಲಿಗೆಗೂ ಹತ್ತಲಿಲ್ಲ.
ಹಾದಿ ಬಿಡುವುದಲ್ಲ, ಗಡಿಯಾರ ನೋಡುವುದು ನನ್ನ ಕೆಲಸ:
ರಾತ್ರಿ ಎಂಟಕ್ಕೆ ಚುಚ್ಚಿದರೆ ಬೆಳಗಿನ ಆರಕ್ಕೆ ಹೆರಿಗೆ.

ಆರಕ್ಕೆ, ಹೇಳಿದ ಹಾಗೆ, ಆರು ತಾಯಂದಿರು ನಂಬಿದರು.
ಹೊಟ್ಟೆ ನೀವಿದರೆ ಸಾಕು, ಹಸಿರುಗಪ್ಪು ಕಾಳು ಕಾಳಾಗಿ
ಬೋಗುಣಿಗೆ ಸುರಿದವು. ಗಂಡಿನ ಹಾಲು ಹಿಂಡಿ
ಪಾರಿವಾಳದ ಗರಿಯಿಂದ ಕಲಸಿದ ಮೊಫಿಜುಲ್,
ಅವರಮ್ಮ ಹಿಟ್ಟು ಕಲಸುವಾಗ ಬೈಯುತ್ತಿದ್ದ ಬೈಗುಳವನ್ನೇ
ಮೆಲ್ಲಗೆ, ಪ್ರೀತಿಯಿಂದ ಬೈಯುತ್ತ.

ಏಳನೆಯದು ಕಲ್ಲು.
ಎಂಟು ಗಂಟೆಯಾಯಿತು. ಹೊಟ್ಟೆ ಬಿಗಿ, ಒಂದು ಕಾಳೂ ಇಲ್ಲ.
'ಇನ್ನೊಂದು ಡೋಸ್' ಎಂದ ಇಂಜಿನಿಯರ್ ವಗ್ದಿ, ಫೋನಿನಲ್ಲೇ.
ಕೊಟ್ಟೆ.
ಮಧ್ಯಾಹ್ನ. ಸಂಜೆ. ತಳದಲ್ಲಿ ನಿಂತೇ ಇದ್ದಳು,
ಕಿವಿರು ಮಾತ್ರ ಹಳೇ ಲೆಕ್ಕದಲ್ಲಿ ಆಡಿಸುತ್ತ.

ನೀರಿಗೆ ಮೂಗು ಹಚ್ಚಿದೆ. ಏನೂ ಇಲ್ಲ.
ಉಪ್ಪು ಸೋಸಿ, ಸುಣ್ಣ ಸೋಸಿ, ವಾಸನೆಯನ್ನೂ ಸೋಸಿದ ನೀರು.
ಸೂಜಿ ಮಳೆ ಅಂದರೆ ಮೂಗು ಇಲ್ಲ ಅಂದಿರಬೇಕು.

ರಾತ್ರಿ ಹತ್ತಕ್ಕೆ, ಯಾರಿಗೂ ಹೇಳದೆ, ಶೆಡ್ಡಿನ ಹಿಂದಿನ ದಿಬ್ಬದಿಂದ
ಒಂದು ಬಕೆಟ್ ಕೆಂಪು ಮರಳು ತಂದು
ತೊಟ್ಟಿಗೆ ಸುರಿದೆ. ನಗಬೇಡಿ.
ನೀರು ಕೆಂಪಾಯಿತು, ನಿಜವಾಗಿ, ಒಂದು ಗಳಿಗೆ,
ಲೈಟಿನ ಕೆಳಗೆ ಜೇಷ್ಠ ತಿಂಗಳ ಹಾಗೆ.
ಅವಳು ಎದ್ದಳು. ಆ ಮೋಡದೊಳಗೆ ಬಂದು
ಬಾಯಿ ತೆರೆದು ನಿಂತಳು. ಕೈಯಲ್ಲಿ ನೀರೆತ್ತಿದಂತೆ.

ಮರಳು ಮಣ್ಣಲ್ಲ; ಕರಗುವುದಿಲ್ಲ.
ಹತ್ತು ನಿಮಿಷಕ್ಕೆ ಎಲ್ಲ ತಳ ಸೇರಿ ನೀರು ಮತ್ತೆ ಗಾಜು.
ಅವಳು ಬಾಯಿ ಮುಚ್ಚಿದಳು. ತಿರುಗಿ
ತನ್ನ ಮೂಲೆಗೆ ಹೋದಳು, ಅವಸರವಿಲ್ಲದೆ.

ಬಿಡದ ಮೊಟ್ಟೆಯನ್ನು ಮೈ ಮೆಲ್ಲಗೆ ವಾಪಸು ತಿನ್ನುತ್ತದಂತೆ,
ವಗ್ದಿ ಹೇಳಿದ್ದು. ಕೆಲವೊಮ್ಮೆ ತಾಯಿ ಸಾಯುತ್ತದೆ,
ಕೆಲವೊಮ್ಮೆ ಮುಂದಿನ ವರ್ಷಕ್ಕೆ ಉಳಿಯುತ್ತದೆ.

ಬೆಳಗಿನ ನಾಲ್ಕರ ತನಕ ಫಿಲ್ಟರ್ ಬಿಚ್ಚಿ ಮರಳು ತೊಳೆದೆವು.
ಮೊಫಿಜುಲ್ ಯಾಕೆಂದು ಕೇಳಲಿಲ್ಲ;
ಬ್ರಹ್ಮಪುತ್ರಾ ದಂಡೆಯವನು.
ರಿಜಿಸ್ಟರಿನಲ್ಲಿ ಏಳನೆಯ ಸಾಲಿಗೆ ಸೊನ್ನೆ ಬರೆದೆ.
ಕಾರಣ ಅನ್ನುವ ಕಾಲಮ್ಮಿನಲ್ಲಿ ಬಹಳ ಹೊತ್ತು ಪೆನ್ನು ಹಿಡಿದು
ಕಡೆಗೆ ಕನ್ನಡದಲ್ಲಿ ಬರೆದೆ, ಇಲ್ಲಿ ಯಾರೂ ಓದರು ಅಂತ:
ನಂಬಲಿಲ್ಲ.